ಕೆಂಪು ಚುಕ್ಕೆಯ ನಲ್ಲಿ

"ಮೂಸಿ ನೋಡಕ್ಕಾ, ಗೊತ್ತಾಗ್ತದೆ," ಎಂದು ವೆಂಕಿ ಗೀಜರಿನ ಹೊಟ್ಟೆಯಿಂದ ಎಳೆದು ತೆಗೆದ ಕಡ್ಡಿಯನ್ನು ನಾಗವೇಣಿಯ ಮುಂದೆ ಹಿಡಿದ. ಗೇಣುದ್ದದ ಕಡ್ಡಿ, ಮೈತುಂಬ ಬೂದು ಲೋಳೆ. ನಾಗವೇಣಿ ಬಗ್ಗಿದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು. ಕೊಳೆತ ಮೊಟ್ಟೆಯ ನಾತ. ಅದು ಅವಳಿಗೆ ಹೊಸದೇನಲ್ಲ. ಇದೇ ಮನೆಯಲ್ಲಿ ಮೂರು ತಿಂಗಳು ಆ ನಾತಕ್ಕೆ ಮೂಗು ಮುಚ್ಚಿಕೊಂಡು ಓಡಾಡಿದ್ದಳು. ಆಗ ಅದನ್ನು ಕೋಮಲಾಳ ಮೈವಾಸನೆ ಅಂದುಕೊಂಡಿದ್ದಳು.

ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದ ಶಾಂತಿ ಟೀಚರು ಎರಡನೇ ದಿನವೇ ಕೆಳಗಿಳಿದು ಬಂದು ಬಿಸಿನೀರು ನಾರುತ್ತದೆ ಎಂದಿದ್ದರು. ಅದಕ್ಕೇ ನಲ್ಲಿ ರಿಪೇರಿಯ ವೆಂಕಿಗೆ ಹೇಳಿಕಳಿಸಿದ್ದು. ಅವನು ಬಂದವನೇ ಬಚ್ಚಲಿನ ಎರಡೂ ನಲ್ಲಿ ತಿರುಗಿಸಿ ಒಂದೊಂದು ಚೊಂಬು ಹಿಡಿದು ನೋಡಿದ್ದ. ನೀಲಿ ಚುಕ್ಕೆಯ ನಲ್ಲಿಯದು ಒಳ್ಳೆ ನೀರು. ಕೆಂಪು ಚುಕ್ಕೆಯದು ನಾತ.

"ತಣ್ಣೀರು ಚೆಂದಾಗೈತೆ ಅಂದ್ರೆ ಗೀಜರ್‌ದೇ ತೊಂದ್ರೆ ಅಕ್ಕಾ. ಒಳಗೆ ತುಕ್ಕು ಹಿಡೀಬಾರ್ದು ಅಂತ ಈ ಕಡ್ಡಿ ಇಟ್ಟಿರ್ತಾರೆ. ನಿಮ್ಮ ಬೋರ್ ನೀರಿಗೂ ಇದಕ್ಕೂ ಆಗ್ಬರಲ್ಲ. ಕಣ್ಣಿಗೆ ಕಾಣದ ಹುಳ ಬೆಳ್ಕಂಡು ಹಿಂಗೆ ನಾತ ಎಬ್ಬಿಸ್ತವೆ. ಚೆಂದಾಗಿ ಕಾಯ್ಸಿದ್ರೆ ಸಾಯ್ತವೆ, ನೀವು ನೋಡಿದ್ರೆ ಉಗುರುಬೆಚ್ಚಗೆ ಇಟ್ಟಿದ್ದೀರ. ಯಾರು ಇಷ್ಟು ಕಮ್ಮಿಗೆ ತಿರುಗ್ಸಿದ್ದು?"

ನಾಗವೇಣಿಯೇ ತಿರುಗಿಸಿದ್ದು. ಹುಡುಗಿ ಕೈ ಸುಟ್ಟುಕೊಂಡಾಳು ಅಂತ.

ಕೋಮಲಾ ಅವಳ ಅಣ್ಣ ತಿಮ್ಮರಾಜುವಿನ ಮಗಳು. ನಾಟ್ರಾಂಪಾಳ್ಯದಿಂದ ಹೊಸೂರಿನ ಫ್ಯಾಕ್ಟರಿಗೆ ಕೆಲಸಕ್ಕೆ ಬಂದಾಗ, ಮಗ ಚಿರಂಜೀವಿಗೆ ತಂದುಕೊಳ್ಳುವ ಹೆಣ್ಣು ಹಾಸ್ಟೆಲಿನಲ್ಲಿ ಯಾಕಿರಬೇಕೆಂದು ನಾಗವೇಣಿ ತಾನೇ ಕರೆದು ಮಹಡಿ ಕೋಣೆ ಬಿಟ್ಟುಕೊಟ್ಟಿದ್ದಳು. ತಾನೂ ಮಗನೂ ಕೆಳಗೆ ಸೌದೆ ಉರಿಸಿ ಹಂಡೆ ನೀರು ಮೀಯುತ್ತಿದ್ದರೂ ಸೊಸೆಯಾಗುವವಳಿಗೆಂದು ಮೇಲೆ ಹೊಸ ಗೀಜರ್ ಹಾಕಿಸಿದ್ದಳು. ಹೇಳಿ, ಇಷ್ಟು ಅಕ್ಕರೆಯಿಂದ ಯಾರು ತಾನೇ ಒಂದು ಸಂಬಂಧ ಕೆಡಿಸಿಯಾರು.

ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ಹತ್ತಿರ ಬಂದರೆ ಏನೋ ವಾಸನೆ. ನಾಗವೇಣಿಗೆ ಮನಸ್ಸಿನಲ್ಲಿ ಇಟ್ಟುಕೊಂಡು ಗೊತ್ತಿಲ್ಲ. "ಚೆಂದಾಗಿ ಉಜ್ಕಂಡು ಮೀಯೇ, ತಲೆಗೂ ಬಿಸಿನೀರು ಹುಯ್ಕೋ," ಎಂದಳು. ಹುಡುಗಿ ದಿನಕ್ಕೆರಡು ಸಲ ಮಿಂದಳು. ಕಡಲೆಹಿಟ್ಟು ಹಚ್ಚಿದಳು, ನಿಂಬೆಹಣ್ಣು ತಿಕ್ಕಿದಳು, ಮಿಂದಷ್ಟೂ ನಾರಿದಳು. ನೀರಿನದೇ ಇರಬಹುದೇ ಎಂಬ ಅನುಮಾನ ನಾಗವೇಣಿಗೂ ಒಮ್ಮೆ ಬಂದಿತ್ತು. ಮಹಡಿ ಹತ್ತಿ, ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ಹಿಡಿದು ಮೂಸಿಯೂ ನೋಡಿದ್ದಳು. ನೀಲಿ ಚುಕ್ಕೆಯ ನಲ್ಲಿ.

ಆಮೇಲೊಂದು ದಿನ ಕೋಮಲಾ ಮುದ್ದೆ ಬಡಿಸಲು ಬಗ್ಗಿದಾಗ ಚಿರಂಜೀವಿ ತಟ್ಟೆ ಎತ್ತಿಕೊಂಡು ಜಗುಲಿಗೆ ಹೋಗಿ ಕೂತ. "ನಿಂಗೇನೋ ಒಳಗಿನ ಕಾಯ್ಲೆ ಐತೆ ಕಣೇ, ಊರಿಗೋಗಿ ತೋರಿಸ್ಕೋ," ಎಂದಳು ನಾಗವೇಣಿ. ಹುಡುಗಿ ಸೌಟು ಕೆಳಗಿಟ್ಟು ಮಹಡಿಗೆ ಹೋದಳು. ಮಾರನೆಯ ದಿನ ಅಂಚೆಟ್ಟಿ ಬಸ್ಸು ಹತ್ತಿದಳು, ಫ್ಯಾಕ್ಟರಿಗೂ ಮತ್ತೆ ಬರಲಿಲ್ಲ. ಅಣ್ಣ ಫೋನು ಮಾಡಿದಾಗ ನಾಗವೇಣಿ, "ಸಂಬಂಧದ ಮಾತು ಬಿಟ್ಬುಡಣ್ಣ," ಎಂದಿದ್ದಳು. ಹೋದ ವಾರ ಸೂಳಗಿರಿಯ ಹೆಣ್ಣಿನ ಮನೆಯವರೊಂದಿಗೆ ಎಲೆಅಡಿಕೆ ಬದಲಾಯಿಸಿಯೂ ಆಗಿತ್ತು.

ವೆಂಕಿ ಬ್ಲೀಚಿಂಗ್ ಪುಡಿಯ ನೀರು ಬಿಟ್ಟು ಟ್ಯಾಂಕು ತೊಳೆದ, ಬೇರೆ ಥರದ ಕಡ್ಡಿ ಹಾಕಿದ, ಬಿಸಿ ಜಾಸ್ತಿಗಿಟ್ಟ. "ಮೊದ್ಲೇ ಕರೆದಿದ್ರೆ ಅರ್ಧ ಗಂಟೆ ಕೆಲ್ಸ ಅಕ್ಕಾ," ಎಂದು ಹೇಳಿ ಹೋದ. ನಾಗವೇಣಿ ಮೆಟ್ಟಿಲ ಮೇಲೆ ಕೂತಳು. ತಾಯಿಯಿಲ್ಲದ ಮಗಳನ್ನು ಕರೆತಂದು ಇಂಥ ಮಾತು ಆಡಿಬಿಟ್ಟೆನಲ್ಲ ಎಂದು ತನ್ನ ನಾಲಗೆಗೇ ಶಾಪ ಹಾಕಿಕೊಂಡು ಫೋನು ಮಾಡಿದಳು.

"ಅತ್ತೆನಾ?" ಅಂದಿತು ಕೋಮಲಾಳ ದನಿ.

"ಹೆಂಗಿದ್ದೀಯೇ?"

"ಚೆನ್ನಾಗಿದ್ದೀನಿ ಅತ್ತೆ. ಕೃಷ್ಣಗಿರಿ ಡಾಕ್ಟ್ರು ಏನೂ ಇಲ್ಲ ಅಂದ್ರೂ ಅಪ್ಪ ಕೇಳ್ಲಿಲ್ಲ, ಮಾತ್ರೆ ಬರಿಸ್ಕಂಡು ಬಂತು. ನುಂಗ್ತಾ ಇದ್ದೀನಿ."

"ನುಂಗ್ಬೇಡ ಕಣವ್ವಾ. ಅದು ನಿನ್ನ ಮೈದಲ್ಲ, ಗೀಜರ್‌ದು. ಬಿಸಿನೀರೇ ನಾರ್ತಿತ್ತು. ಈಗ ಬಿಚ್ಚಿ ನೋಡಿದ್ರು. ನಂದೇ ತಪ್ಪು."

ಆ ಕಡೆ ಎಲ್ಲೋ ಆಡು ಅರಚಿತು.

"ಬಿಸಿನೀರು ಹುಯ್ಕಂಡ ಕೂಡ್ಲೇ ವಾಸ್ನೆ ಏಳ್ತಿತ್ತು ಅತ್ತೆ. ನನ್ನ ಮೈಯಿಂದ್ಲೇ ಅಂದ್ಕಂಡಿದ್ದೆ. ಇಲ್ಲೂ ಯಾರ ಪಕ್ಕದಲ್ಲೂ ಕೂತಿಲ್ಲ."

ಬಂದುಬಿಡೇ ಎನ್ನಬೇಕೆಂದು ನಾಗವೇಣಿ ಬಾಯಿ ತೆರೆದಳು. ಸೂಳಗಿರಿಯವರು ನೆನಪಾದರು. ಆಡಬಾರದ್ದನ್ನೆಲ್ಲ ಸಲೀಸಾಗಿ ಆಡಿದ್ದ ನಾಲಗೆ ಈಗ ಹೊರಳಲಿಲ್ಲ.

ಹುಡುಗಿಯೇ ಮಾತಾಡಿದಳು. "ಸೂಳಗಿರೀಲಿ ಹೆಣ್ಣು ಗೊತ್ತಾಯ್ತಂತಲ್ಲ ಅತ್ತೆ, ಅಪ್ಪ ಹೇಳ್ತು. ಮದ್ವೆಗೆ ಬತ್ತೀವಿ. ಅಷ್ಟ್ರೊಳಗೆ ಭಾವಂಗೊಂದು ಮಾತು ಹೇಳ್ಬುಡು, ಅದು ನಾನಲ್ಲ ಅಂತ."