ಮಾತು ಬಿಟ್ಟ ಕಾರು

ಮೆಕ್ಯಾನಿಕ್ ಪೆಸಾಮಿನೋ ಕಾರಿನ ಕಾಯಿಲೆ ಓದುವ ಸ್ಕ್ಯಾನರಿನ ಪ್ಲಗ್ಗನ್ನು ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಮತ್ತೊಮ್ಮೆ ಒತ್ತಿ ಹಿಡಿದ. ಪರದೆ ಬೆಳಗಲಿಲ್ಲ. ಇದೇ ಸ್ಕ್ಯಾನರು ಈಗಷ್ಟೇ ಪಕ್ಕದಲ್ಲಿದ್ದ ಅವನ ಟ್ಯಾಕ್ಸಿಯ ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ಒದರಿತ್ತು. ಏನು ಬಂತು, ಆ ಟ್ಯಾಕ್ಸಿಗೆ ಮುಂದಿನ ಚಕ್ರಗಳೇ ಇರಲಿಲ್ಲ; ತೆಂಗಿನ ದಿಮ್ಮಿಗಳ ಮೇಲೆ ಕೂತು ಕೋಳಿಗಳಿಗೆ ನೆರಳು ಕೊಡುತ್ತಿತ್ತು. ಚಕ್ರವಿದ್ದ ಸಾವಿಲಿಯ ಕಾರು ಮುನಿಸಿಕೊಂಡ ಸೊಸೆಯ ಹಾಗೆ ತುಟಿ ಬಿಚ್ಚಲೊಲ್ಲದು.

ನಿನ್ನೆ ಸಂಜೆಯಿಂದ ಕಾರಿನೊಳಗೆ ಎಂಜಿನ್ನಿನ ಕಿತ್ತಳೆ ದೀಪ ಉರಿಯುತ್ತಿತ್ತು. ಬೆಟ್ಟದ ಏರಿನಲ್ಲಿ ಕಾರು ಎಷ್ಟು ಏದುಸಿರು ಬಿಟ್ಟಿತೆಂದರೆ, ಹಂದಿಮರಿಗಳು ಅದನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕು ಹೋಗಿದ್ದವು. ಕೊನೆಗೆ ಪೆಸಾಮಿನೋನ ಅಂಗಳಕ್ಕೆ ನೂಕಿಕೊಂಡೇ ತಂದದ್ದು. ಇವತ್ತು ಮಧ್ಯಾಹ್ನದೊಳಗೆ ಸಾವಿಲಿಯ ತಂಗಿ ಎಸೇಟಾ ರಾಜಧಾನಿ ಅಪಿಯಾದ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಯಂತ್ರದ ಪಕ್ಕ ಕೂತಿರಬೇಕು. ಸಕ್ಕರೆ ಕಾಯಿಲೆ ಅವಳ ಎರಡು ಕಿಡ್ನಿಗಳನ್ನೂ ತಿಂದು ಕೈ ತೊಳೆದುಕೊಂಡಿತ್ತು. ಒಂದು ಸರದಿ ತಪ್ಪಿದರೆ ಎದೆಗೆ ನೀರು ತುಂಬುತ್ತಿತ್ತು. ಬಸ್ಸು ಈ ಬೆಟ್ಟ ಹತ್ತುವುದಿಲ್ಲ. ಊರಿನ ಉಳಿದ ಗಾಡಿಗಳೆಲ್ಲ ಬೆಳಗ್ಗೆಯೇ ದ್ವೀಪದ ಆಚೆ ಬದಿಗೆ, ಯಾರೋ ದೊಡ್ಡ ಮನುಷ್ಯನ ಮಣ್ಣಿಗೆ ಹೋಗಿದ್ದವು.

ಪೆಸಾಮಿನೋ ಸಾಕೆಟ್ಟಿನ ಕಿಲುಬು ಕೆರೆದ, ಊದಿದ. ತಂತಿ ಕಟ್ಟಿದ ಪುಟ್ಟ ಬಲ್ಬು ಹಿಡಿದು ನೋಡಿದ. ಸಾಕೆಟ್ಟಿಗೆ ಕರೆಂಟೇ ಬರುತ್ತಿರಲಿಲ್ಲ. ಹುಡುಕಿದರೆ, ಅದರ ಫ್ಯೂಸು ಸುಟ್ಟು ಹೋಗಿತ್ತು. ಹೊಸದು ಹಾಕಿದ, ಟಪ್ಪೆಂದು ಅದೂ ಸುಟ್ಟಿತು. ಇನ್ನೊಂದರದೂ ಅದೇ ಕಥೆ. ಒಳಗೆಲ್ಲೋ ತಂತಿಗೆ ತಂತಿ ತಾಗಿದೆ, ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು, ಸಂಜೆಯಾಗುತ್ತದೆ ಎಂದ.

"ನಿಧಾನಕ್ಕೆ ಬಿಚ್ಚಪ್ಪ," ಎಂದಳು ಸಾವಿಲಿ. "ಅಷ್ಟರಲ್ಲಿ ನಾನು ಇವಳನ್ನ ಬೆನ್ನ ಮೇಲೆ ಹೊತ್ಕೊಂಡು ಅಪಿಯಾಕ್ಕೆ ಹೋಗ್ಬರ್ತೀನಿ. ಇಡೀ ಸಮೋವಾದಲ್ಲಿ ನಿನ್ನಂಥ ಮೆಕ್ಯಾನಿಕ್ಕೇ ಇಲ್ಲ ಅಂತ ಚರ್ಚಿನ ಬಾಗಿಲಲ್ಲಿ ನಿಂತು ಹೇಳ್ಕೊಳ್ಳೋನು ನೀನೇ ಅಲ್ವೇನೋ?"

ಎಸೇಟಾ ಮುಂದಿನ ಸೀಟಿನಲ್ಲಿ ಬೀಸಣಿಗೆ ಬೀಸುತ್ತಾ ಕೂತಿದ್ದಳು. ತಲೆಯ ಮೇಲೆ ದೀವಿ ಹಲಸು ಬಿದ್ದರೂ ಮಾತು ನಿಲ್ಲಿಸದ ಹೆಂಗಸು, ಬೆಳಗಿನಿಂದ ತುಟಿ ಹೊಲಿದುಕೊಂಡಿದ್ದಳು. ಅವಳ ಮೂಗಿನ ಮುಂದೆ, ಕನ್ನಡಿಗೆ ಸಿಕ್ಕಿಸಿದ ಬರಿಯ ದಾರವೊಂದು ತೂಗುತ್ತಿತ್ತು. ಅದು ಹೋದ ವಾರ ಸಾವಿಲಿಯ ಮೊಮ್ಮಗಳಿಗೆ ಶಾಲೆಯಲ್ಲಿ ಬಹುಮಾನದ ದಿನ ಹಾಕಿದ, ಮಿಠಾಯಿ ಪೋಣಿಸಿದ ಹಾರ. ಹುಡುಗಿಯ ಕೊರಳಿಗೆ ಅವತ್ತು ಎಷ್ಟು ಹಾರ ಬಿದ್ದಿದ್ದವೆಂದರೆ, ಉಸಿರಾಡಲು ಸಾವಿಲಿ ಮಧ್ಯೆ ಒಂದು ಕಿಟಕಿ ಮಾಡಿಕೊಡಬೇಕಾಗಿತ್ತು. ಕಾರಿಗೂ ಒಂದು ಇರಲಿ ಎಂದು ತೂಗಿಸಿದ್ದಳು. ಮಿಠಾಯಿ ಮಕ್ಕಳ ಹೊಟ್ಟೆ ಸೇರಿರಬೇಕು ಎಂದುಕೊಂಡಿದ್ದಳು.

ಪೆಸಾಮಿನೋ ತಲೆ ಕೆರೆದುಕೊಂಡ. "ದೊಡ್ಡಮ್ಮ, ಈ ಫ್ಯೂಸಿಂದಾನೇ ಸಿಗರೇಟ್ ಹಚ್ಚೋ ತೂತಿಗೂ ಕರೆಂಟು ಹೋಗೋದು. ಅದರೊಳಗೆ ಯಾರಾದ್ರೂ ಏನಾದ್ರೂ ತುರುಕಿದ್ರಾ?"

ಸಾವಿಲಿಗೆ ಮೈ ಉರಿಯಿತು. ತೀರಿಹೋದ ಅವಳ ಗಂಡ ಚರ್ಚಿನ ಹಿರಿಯ. ಕಾರು ಜಪಾನಿನ ಹಡಗಿನಿಂದ ಇಳಿದ ದಿನವೇ ಆ ಸಿಗರೇಟ್ ಹಚ್ಚುವ ತುಂಡನ್ನು ಕಿತ್ತು ಸಮುದ್ರಕ್ಕೆ ಬೀಸಿದ್ದ. ಅದು ಟೋಂಗಾದಲ್ಲಿ ಯಾರದೋ ಅಂಗಳಕ್ಕೆ ಬಿತ್ತೆಂದು ಅವಳು ಇವತ್ತಿಗೂ ಹೇಳುತ್ತಾಳೆ. ಅವತ್ತಿನಿಂದ ಆ ತೂತಿನ ಮುಚ್ಚಳ ಯಾರೂ ತೆಗೆದಿಲ್ಲ ಎಂದಳು.

ಎಸೇಟಾಳ ಬೀಸಣಿಗೆ ನಿಂತಿತು.

ಪೆಸಾಮಿನೋ ಮುಚ್ಚಳ ತೆಗೆದು ಟಾರ್ಚು ಬಿಟ್ಟ. ಆಳದಲ್ಲಿ ಏನೋ ಮಿಂಚಿತು. ಚಿಮಟದಿಂದ ಎಳೆದ. ಉಂಡೆ ಕಟ್ಟಿದ ಬೆಳ್ಳಿ ಕಾಗದ. ಅದರ ಹಿಂದೆ ಇನ್ನೊಂದು, ಮತ್ತೂ ಒಂದು. ಬಲೆ ಎಳೆದಂತೆ ಬರುತ್ತಲೇ ಇದ್ದವು, ಎಲ್ಲವೂ ಮಿಠಾಯಿ ಸುತ್ತಿದ ಕಾಗದಗಳೇ. ಸಾವಿಲಿ ದಾರ ನೋಡಿದಳು, ಕಾಗದ ನೋಡಿದಳು, ತಂಗಿಯ ಮುಖ ನೋಡಿದಳು. ತಂಗಿ ಸಮುದ್ರವನ್ನು ಇವತ್ತೇ ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು.

ಹೊಸ ಫ್ಯೂಸು ನಿಂತಿತು. ಸ್ಕ್ಯಾನರು ಕುಂಯ್ ಎಂದು ಬೆಳಗಿತು. ಪರದೆಯ ಮೇಲೆ ಅಕ್ಷರ, ಅಂಕಿಗಳ ಸಾಲುಗಳು ಇರುವೆ ಹರಿದಂತೆ ಏರಿ ಬಂದವು. ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಕಡ್ಡಿಗೆ ಕೊಳೆ ಹಿಡಿದಿದೆ, ಅಷ್ಟೇ, ಒರೆಸಿದರೆ ಸಾಕು ಎಂದ ಪೆಸಾಮಿನೋ. ಬಯ್ಯಲು ಬಾಯಿ ತೆರೆದಿದ್ದ ಸಾವಿಲಿ ಹಾಗೇ ಪರದೆಗೆ ಬಗ್ಗಿದಳು. ಇಷ್ಟು ವರ್ಷ ಇದನ್ನು ಬರೀ ಕಬ್ಬಿಣವೆಂದು ಒದ್ದಿದ್ದಳು.

"ತನಗೆ ಎಲ್ಲಿ ನೋವು ಅಂತ ಇದಕ್ಕೇ ಗೊತ್ತಿತ್ತೇನೋ?"

"ನಿನ್ನೆಯಿಂದಲೂ ಗೊತ್ತು ದೊಡ್ಡಮ್ಮ. ಕೇಳೋಕೆ ದಾರಿ ಇರಲಿಲ್ಲ."

ಅವನು ಕಡ್ಡಿ ಒರೆಸಿ, ಸ್ಕ್ಯಾನರಿನಿಂದ ಹಳೆಯ ದೂರು ಅಳಿಸಿ ಎಂಜಿನ್ ಚಾಲೂ ಮಾಡಿದ. ಕಿತ್ತಳೆ ದೀಪ ಆರಿತು. ಎಸೇಟಾ ಆಗ ಬಾಯಿ ಬಿಟ್ಟಳು, ಸಮುದ್ರದ ಕಡೆಗೇ ನೋಡುತ್ತಾ.

"ಅಲ್ಲಿ ಸೂಜಿ ಚುಚ್ಚಿದ ಕೂಡಲೇ ನನ್ನ ರಕ್ತನೂ ಎಲ್ಲಾ ಹೇಳಿಬಿಡತ್ತೆ ಅಕ್ಕ. ನಾನು ತಿಂದಿದ್ದು ನರ್ಸಿಗೆ ಗೊತ್ತು. ನಿಂಗೆ ಹೇಳ್ಬೇಡಿ ಅಂತ ಬೇಡ್ಕೊಂಡಿದ್ದೆ."

ಅವಳು ಅಂಗಿಯ ತೋಳು ಮೇಲೇರಿಸಿದಳು. ಸೂಜಿಗೆಂದು ಡಾಕ್ಟರು ಒಂದಕ್ಕೊಂದು ಕೂಡಿಸಿದ ರಕ್ತನಾಳ ಅಲ್ಲಿ ಹಗ್ಗದಂತೆ ಉಬ್ಬಿತ್ತು. ಇಷ್ಟು ದಿನ ಸಾವಿಲಿ ಅದರ ಕಡೆ ನೋಡಿದವಳೇ ಅಲ್ಲ. ಎಸೇಟಾ ಅಕ್ಕನ ಕೈ ಹಿಡಿದು ಅದರ ಮೇಲೆ ಇಟ್ಟುಕೊಂಡಳು.

ಚರ್ಮದ ಕೆಳಗೆ ಏನೋ ಗುಂಯ್ ಎಂದು ನಡುಗುತ್ತಿತ್ತು, ಒಂದು ಕ್ಷಣವೂ ಬಿಡುವಿಲ್ಲದೆ. ಸಾವಿಲಿ ಇನ್ನೊಂದು ಕೈಯನ್ನು ಎಂಜಿನ್ ಓಡುತ್ತಿದ್ದ ಕಾರಿನ ಮೇಲಿಟ್ಟಳು. ಎರಡು ಕೈಗಳ ಕೆಳಗೂ ಒಂದೇ ನಡುಕ.