ಓಣಿಯ ಬಾಯಿಗೆ ಬ್ಯಾಂಡು

“ಈ ಕಡೆ ತಿರಗಬ್ಯಾಡ. ಗ್ವಾಡಿಗೆ ಮಾರಿ ಮಾಡಿ ಕುಂಡ್ರು,” ಎಂದ ಯಲ್ಲಪ್ಪ. ಶಬ್ದವಾಗಬಾರದೆಂದು ಕೂಲರನ್ನೂ ಬಂದ್ ಮಾಡಿದ. ಪಕ್ಕದ ಖೋಲಿಯ ಆಶಾ ಮೆಂತ್ಯದ ಸೊಪ್ಪಿನ ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

“ಜಲ್ದಿ ಊದ್ರಿ ಕಾಕಾ. ನಳ ಬರೋ ಹೊತ್ತಾತು.”

ಚಾಪೆಯ ಮೇಲೆ ಎರಡು ಕ್ಲಾರಿನೆಟ್ಟುಗಳಿದ್ದವು. ಒಂದು ಯಲ್ಲಪ್ಪನದೇ, ಹಳೆಯ ಆಲ್ಬರ್ಟ್ ಪದ್ಧತಿಯದು. ಒತ್ತುವ ಕೀಲಿಗಳು ಕಡಿಮೆ, ಕಿರುಬೆರಳು ಒಂದರಿಂದ ಇನ್ನೊಂದಕ್ಕೆ ಜಾರುತ್ತಲೇ ಇರಬೇಕು. ಇನ್ನೊಂದು ಮೈತುಂಬ ಕೀಲಿಗಳ ಬೋಮ್ ಪದ್ಧತಿಯದು, ಗಾಂಧಿಬಾಗಿನ ಬ್ಯಾಂಡಿನ ಮಾಲೀಕ ಕೊಟ್ಟದ್ದು. ಈ ಲಗ್ನದ ಹಂಗಾಮಿಗೆ ಎಲ್ಲರೂ ಹೊಸದನ್ನೇ ಊದಬೇಕೆಂದು ಅವನು ಹೇಳಿದ್ದ. ಬೆರಳಿಡುವ ರೀತಿ ಬದಲಾದರೆ ದನಿಯೂ ಬದಲಾಗುತ್ತದೆ, ಕೇಳುವವರಿಗೆ ತಿಳಿಯುತ್ತದೆ ಎಂದು ಯಲ್ಲಪ್ಪ ಹಟ ಹಿಡಿದಾಗ ಮಾಲೀಕ ನಕ್ಕುಬಿಟ್ಟಿದ್ದ. ಅಷ್ಟು ಜನ ಊದುವಾಗ, ಡೋಲಿನವರು ಕಿವಿ ಹರಿಯುವಂತೆ ಬಡಿಯುವಾಗ, ನಿನ್ನೊಬ್ಬನನ್ನು ಯಾರು ಕೇಳುತ್ತಾರೆ?

ಒಬ್ಬಳು ಕೇಳುತ್ತಿದ್ದಳು. ಹೆಂಡತಿ ಸತ್ಯಭಾಮಾ. ಓಣಿಯ ಬಾಯಲ್ಲಿದ್ದ ಮಂಗಲ ಕಾರ್ಯಾಲಯಕ್ಕೆ ಸಂಜೆಗೊಂದು ದಿಬ್ಬಣ ಬರುತ್ತಿತ್ತು, ಒಂದೊಂದಕ್ಕೆ ಒಂದೊಂದು ಬ್ಯಾಂಡು. ಆದರೆ ಯಲ್ಲಪ್ಪ ಊದಿದ ದಿನ, ವರನನ್ನು ಕುದುರೆಯಿಂದ ಇಳಿಸಿ ಅವನು ಮನೆಗೆ ಬರುವಷ್ಟರಲ್ಲಿ ಸ್ಟೋವಿನ ಮೇಲೆ ಚಹಾ ಕುದಿಯುತ್ತಿರುತ್ತಿತ್ತು. “ಊರಾಗ ಕೊರಳಗಂಟಿ ಕೇಳಿ ಯಾರ ಎತ್ತು ಅಂತ ಹೇಳತಿದ್ವಲ್ಲ, ಹಂಗ,” ಎನ್ನುತ್ತಿದ್ದಳು. ಈ ನಾಗಪುರದಲ್ಲಿ ಒಂದು ಕಿವಿಗಾದರೂ ತನ್ನ ಗುರುತಿದೆ ಎಂಬ ಧೈರ್ಯದಲ್ಲೇ ಅವನು ಕಂಡವರ ಕುದುರೆಯ ಮುಂದೆ ಬಿಸಿಲಲ್ಲಿ ನಡೆದಿದ್ದ. ಅವಳು ತೀರಿಹೋದದ್ದು ಕಳೆದ ಮಳೆಗಾಲದಲ್ಲಿ.

ಮೋಸವಾಗಬಾರದೆಂದು ಎರಡಕ್ಕೂ ಬಾಯಿಗಿಡುವ ರೀಡು ಒಂದನ್ನೇ ಹಾಕಿ, ಒಂದೇ ಹಾಡಿನ ಸಾಲನ್ನು ಊದಿದ.

“ಯಾವುದು ನಂದು?”

“ಮೊದಲನೇದು.”

ಮೊದಲನೆಯದು ಹೊಸದಾಗಿತ್ತು. ಮತ್ತೆ ಊದಿದ, ಈ ಸಲ ನಿಧಾನವಾಗಿ.

“ಎರಡೂ ಒಂದ ಅನಸ್ತಾವ್ರಿ ಕಾಕಾ. ಖರೇನ.”

“ನಿನ್ನ ಕಿವಿಯೊಳಗ ಹತ್ತಿ ತುರಕ್ಯಾರೇನು? ನಿಮ್ಮ ಕಾಕುಗ ಬರೋಬರ್ ತಿಳೀತಿತ್ತು. ನಾ ಬರೋದ್ರಾಗ ಚಹಾ ಇಟ್ಟಿರತಿದ್ಲು.”

ಸೊಪ್ಪು ಬಿಡಿಸುತ್ತಿದ್ದ ಆಶಾಳ ಕೈ ನಿಂತಿತು. ನಕ್ಕಳು. “ಅಯ್ಯ ಕಾಕಾ, ಯಾವ ಬ್ಯಾಂಡ್ ಬಂದ್ರೂ ಕಾಕು ಚಹಾ ಇಡತಿದ್ರು. ನೀವು ಬರಲಿಲ್ಲ ಅಂದ್ರ ನನ್ನ ಕರೀತಿದ್ರು. ‘ಬಾರವಾ, ಇವತ್ತೂ ಅವರಲ್ಲ, ಇದನ್ನ ನೀನ ಕುಡಿ’ ಅಂತ. ಲಗ್ನದ ಸೀಸನ್ ಮುಗಿಯೋದ್ರಾಗ ನನಗ ಪಿತ್ತ ಏರಿರತಿತ್ತು!”

ಹಿಂದೆ ಕ್ಲಾರಿನೆಟ್ಟನ್ನು ಚಾಪೆಯ ಮೇಲಿಟ್ಟ ಸದ್ದಾಯಿತು. ಆಶಾಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. “ನಳ ಬಂತ್ರಿ,” ಎಂದು ಪರಾತ ಎತ್ತಿಕೊಂಡು ಹೊರಗೆ ಹೋದಳು. ನಳ ಇನ್ನೂ ಬಂದಿರಲಿಲ್ಲ.

ಯಲ್ಲಪ್ಪ ಎರಡನ್ನೂ ಬಿಚ್ಚಿ ಒರೆಸಿದ. ಹಳೆಯದನ್ನು ಸತ್ಯಭಾಮಾಳ ಟ್ರಂಕಿನಲ್ಲಿಟ್ಟ. ಹೊರಗೆ ಹೊತ್ತು ಇಳಿಯುತ್ತಿದ್ದಂತೆ ಓಣಿಯ ಬಾಯಿಗೆ ಯಾವುದೋ ದಿಬ್ಬಣ ಬಂತು. ಡೋಲಿನ ನಡುವೆ ಕ್ಲಾರಿನೆಟ್ಟೊಂದು ಎದ್ದು ಮುಳುಗುತ್ತಿತ್ತು. ಹಳೆಯ ಪದ್ಧತಿಯದೋ ಹೊಸದೋ, ಊದುವವನು ಯಾರೋ, ಕಿವಿಗೊಟ್ಟು ಕೇಳಿದ. ತಿಳಿಯಲಿಲ್ಲ. ಎದ್ದು ಸ್ಟೋವ್ ಹಚ್ಚಿ ಚಹಾಕ್ಕಿಟ್ಟ.

ಬ್ಯಾಂಡು ನಿಂತಿತು. ಯಲ್ಲಪ್ಪ ಬಾಗಿಲ ಕಡೆ ನೋಡುತ್ತ ನಿಂತೇ ಇದ್ದ. ಚಹಾ ಉಕ್ಕಿ ಸ್ಟೋವ್ ಆರಿತು.