ಚೌಕದ ತಾಯಿ

ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿದ ಕೂಡಲೇ ಫೋಟೋಗ್ರಾಫರ್ ಮುದುಕನಿಗೆ ಅನುಮಾನ ಬಂತು. ನಾಳೆ ಚೌಕದಲ್ಲಿ ಪ್ರತಿಮೆಯ ಅನಾವರಣ. ಇಂಥ ಹೊತ್ತಿನಲ್ಲಿ ಎಲ್ಲಿಲ್ಲದ ನೆಂಟರು ಹುಟ್ಟಿಕೊಳ್ಳುವುದು ಹೊಸದೇನಲ್ಲ.

ಪ್ರತಿಮೆ ಅವನು ತೆಗೆದ ಫೋಟೋದ ಪಡಿಯಚ್ಚು. ನಲವತ್ತೈದು ವರ್ಷದ ಹಿಂದೆ ಗೋಲಿಬಾರ್ ಆದ ಸಂಜೆ, ಖಾಲಿ ಚೌಕದ ನಡುವೆ, ಸತ್ತ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿ. ಆ ಒಂದು ಚಿತ್ರ ಸರ್ಕಾರವನ್ನೇ ಉರುಳಿಸಿತು ಅನ್ನುತ್ತಾರೆ. ಶಾಲೆಯ ಪುಸ್ತಕದಲ್ಲಿದೆ, ಅಂಚೆಚೀಟಿಯಲ್ಲಿದೆ. ಮುದುಕನ ಮನೆ ನಡೆದದ್ದೂ ಅದರಿಂದಲೇ.

"ನೀವು ಆ ತಾಯಿಗೆ ಏನಾಗಬೇಕು?"

"ಮಗಳು."

ತಲೆ ಅರ್ಧ ನರೆತಿತ್ತು. ದೊಡ್ಡ ಮಗಳಿರಬೇಕು ಅಂದುಕೊಂಡು ಒಳಗೆ ಕರೆದ. ಹೆಂಡತಿ ಕುರ್ಚಿ ಎಳೆದು ಕೊಟ್ಟಳು.

"ಕೋಟು ಕೊಡಿ, ಗೂಟಕ್ಕೆ ಹಾಕ್ತೀನಿ."

"ಇರಲಿ ಬಿಡಿ ಅಮ್ಮಾ."

ಎಡ ತೋಳಿನ ಮೇಲೆ ಮಡಿಸಿ ಹಾಕಿಕೊಂಡಿದ್ದ ಕೋಟನ್ನು ಹೆಂಗಸು ಹಾಗೆಯೇ ತೊಡೆಗೆ ಇಳಿಸಿಕೊಂಡಳು. ಚಹಾ ಬಂತು. ಬಸಿಯನ್ನು ಮೇಜಿನ ಮೇಲೇ ಬಿಟ್ಟು ಕಪ್ಪು ಮಾತ್ರ ಎತ್ತಿಕೊಂಡಳು.

"ನಿಮ್ಮ ತಮ್ಮನೋ ತಂಗಿಯೋ, ಪಾಪ," ಎಂದ ಮುದುಕ. ಗಂಡೋ ಹೆಣ್ಣೋ ಅಂತ ಅವನು ಯಾವತ್ತೂ ವಿಚಾರಿಸಿದವನಲ್ಲ. "ನಾನು ಹೋಗೋ ಹೊತ್ತಿಗೆ ಜೀವ ಹೋಗಿತ್ತು."

ಈ ಮಾತನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದನೋ, ನಾಲಿಗೆ ತಾನಾಗಿ ಹೊರಳುತ್ತಿತ್ತು.

"ಅಮ್ಮನನ್ನ ಅವತ್ತೇ ಎಳ್ಕೊಂಡು ಹೋದ್ರು," ಎಂದಳು ಹೆಂಗಸು. "ಮಗುವನ್ನ ಯಾರೋ ಕಿತ್ಕೊಂಡು ಆಸ್ಪತ್ರೆಗೆ ಓಡಿದ್ರು. ಹೇಗೋ ಉಳಿದಿರುತ್ತೆ ಅಂತ ಅಮ್ಮ ಜೈಲಲ್ಲಿ ನಂಬಿಕೊಂಡೇ ಇದ್ದಳಂತೆ. ಆಮೇಲೆ ಕಾವಲಿನವಳು ಪೇಪರ್ ತಂದು ತೋರಿಸಿದಳು. ಚಿತ್ರದ ಕೆಳಗೆ 'ಸತ್ತ ಮಗುವಿನೊಡನೆ ತಾಯಿ' ಅಂತ ಅಚ್ಚಾಗಿತ್ತು. ಅನ್ನ ನೀರು ಬಿಟ್ಟಳು. ಹೆಚ್ಚು ದಿನ ಉಳೀಲಿಲ್ಲ. ಜತೆಗಿದ್ದವರು ಈಚೆಗೆ ಹೇಳಿದ್ದು."

"ಸಂಕಟದ ವಿಷಯ. ಅದಕ್ಕೆ ನನ್ನಿಂದೇನಾಗಬೇಕು?"

"ನಾಳೆ ವೇದಿಕೆ ಮೇಲೆ ನಿಜ ಹೇಳಿ. ನೀವು ಫೋಟೋ ತೆಗೆದಾಗ ಮಗು ಬದುಕಿತ್ತು ಅಂತ. ಅಮ್ಮ ಸತ್ತದ್ದು ಒಂದು ಸುಳ್ಳು ನಂಬಿ ಅಂತ."

ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಆ ಕಾಲದಲ್ಲಿ ಫೋಟೋ ತೊಳೆಯುವ ಕತ್ತಲಕೋಣೆಯ ಕೆಲಸವೆಲ್ಲ ಅವಳದು. ಸಂಜೆಯ ಮಬ್ಬು ಬೆಳಕಿನಲ್ಲಿ ಕ್ಯಾಮೆರಾದ ಶಟರ್ ನಿಧಾನ, ಅಲ್ಲಾಡಿದ್ದೆಲ್ಲ ಮಸುಕಾಗುತ್ತದೆ. ಸತ್ತವರು ಅಲ್ಲಾಡುವುದಿಲ್ಲ. ಆ ಚಿತ್ರದಲ್ಲಿ ತಾಯಿ ಕಡೆದಿಟ್ಟ ಹಾಗೆ ಸ್ಪಷ್ಟವಾಗಿದ್ದಳು. ಮಗುವಿನ ಎಡಗೈ ಮಾತ್ರ ಬರೀ ಹೊಗೆ. ಗಂಡ ಅದನ್ನು ನೋಡಿ, "ತಿದ್ದು" ಅಂದಿದ್ದ. ಅವಳು ಸಣ್ಣ ಕುಂಚ ಹಿಡಿದು ತಿದ್ದಿದ್ದಳು. ಅಂದಿನಿಂದ ಆ ಚಿತ್ರ ತೂಗುಹಾಕಿದ ಗೋಡೆಯ ಕಡೆ ಮುಖ ಮಾಡಿ ಅವಳು ಊಟಕ್ಕೆ ಕೂತದ್ದಿಲ್ಲ.

ಹೆಂಗಸು ಗೋಡೆಯ ಮೇಲಿನ ಚಿತ್ರವನ್ನೇ ನೋಡುತ್ತಿದ್ದಳು.

"ಆ ಎಡಗೈಯಲ್ಲಿ ಎಷ್ಟು ಬೆರಳಿವೆ ಅಮ್ಮಾ?"

"ಐದು," ಎಂದಳು ಹೆಂಡತಿ. ಆಮೇಲೆ ತಡೆಯಲಾಗಲಿಲ್ಲ. "ನಾನೇ ಬರೆದದ್ದು. ಏನೂ ಕಾಣ್ತಿರಲಿಲ್ಲ. ಎಲ್ಲರಿಗೂ ಐದೇ ಇರ್ತಾವಲ್ಲ ಅಂತ..."

"ಬಾಯ್ಮುಚ್ಕೊಂಡು ಒಳಗೆ ಹೋಗು," ಎಂದ ಮುದುಕ.

"ಆ ಮಗುವಿಗೆ ಹುಟ್ಟುತ್ತಲೇ ಮೂರು," ಎಂದಳು ಹೆಂಗಸು.

ಮುದುಕ ನಕ್ಕ. "ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದು ತಾಯಿ. ಸಾಕ್ಷಿ ಎಲ್ಲಿದೆ? ಸತ್ತ ಮಗುವನ್ನೇ ಎಬ್ಬಿಸಿ ಕರ್ಕೊಂಡು ಬರ್ತೀರಾ?"

ಅವಳು ಕಪ್ಪು ಕೆಳಗಿಟ್ಟಳು, ಕೋಟು ಸರಿಸಿದಳು, ಎಡಗೈಯನ್ನು ಮೇಜಿನ ಮೇಲೆ ಅವನೆದುರು ಇಟ್ಟಳು: ಮೂರೇ ಬೆರಳು.